ಒಂದೇ ಸಲ ಒತ್ತಿದ್ದು

"ಮೇಡಂ, ನಾನು ಒಂದೇ ಸಲ ಒತ್ತಿದ್ದು."

ಮಂಗಳವಾರ ಮಧ್ಯಾಹ್ನ ಆ ಹುಡುಗ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಡಿಪ್ಲೊಮಾ ಹುಡುಗರ ಡಿಜಿಟಲ್ ಲ್ಯಾಬ್, ಎಣಿಸುವ ಚಿಪ್ 7490ರ ಕೌಂಟರ್ ಪ್ರಯೋಗ. ಗುಂಡಿ ಒತ್ತಿದರೆ ಅಂಕಿ 0ಯಿಂದ 1ಕ್ಕೆ ಹೋಗಬೇಕು. ಅವನದು 3ಕ್ಕೆ ಹಾರಿತು. ಮತ್ತೆ ಒತ್ತಿದ, 4. ಇನ್ನೊಮ್ಮೆ, 6. "ಕೈ ನಡುಗಿಸಬೇಡ, ಸರಿಯಾಗಿ ಒತ್ತು" ಎಂದು ಪಕ್ಕದ ಮೇಜಿಗೆ ಹೊರಟೆ. ಬೆನ್ನ ಹಿಂದೆ ಅದೇ ಮಾತು ಬಂತು. ದನಿ ಏರಿರಲಿಲ್ಲ, ಇಳಿದೂ ಇರಲಿಲ್ಲ.

ಮಂಡಗದ್ದೆ ಕಡೆಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುವ ಹುಡುಗ. ಈಗ ಅಡಿಕೆ ಸುಲಿಯುವ ಕಾಲ. ರಾತ್ರಿ ಅಮ್ಮನ ಜೊತೆ ಕೂತು ಸುಲಿದ ಚೊಗರು ಅವನ ಬೆರಳ ತುದಿಗಳಲ್ಲಿ ಕಪ್ಪಾಗಿ ಕೂತಿತ್ತು. ಆ ಬೆರಳುಗಳು ನಡುಗುವಂಥವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಹಿರಿಯ ಸಹೋದ್ಯೋಗಿಯೊಬ್ಬರು ಬಂದು ನೋಡಿ, "ರೆಕಾರ್ಡಿನಲ್ಲಿ ಸರಿಯಾದ ಟೇಬಲ್ ಬರೆಸಿ ಸಹಿ ಹಾಕಿಬಿಡಿ, ಹೊತ್ತಾಯಿತು" ಎಂದರು. ಒಳ್ಳೆಯವರು, ಕಷ್ಟಕ್ಕೆ ಆಗುವವರು. ಆದರೆ ಪುಸ್ತಕದಲ್ಲಿರುವ ಉತ್ತರವನ್ನೇ ಬರೆಸುವುದಾದರೆ ಲ್ಯಾಬ್ ಏಕೆ ಬೇಕು?

ಕಿಟ್‌ನ ಗುಂಡಿ ಕೆಟ್ಟಿದ್ದರಿಂದ ಹುಡುಗ ಹಳೆಯ ಆಟಿಕೆಯಿಂದ ಕಿತ್ತ ಗುಂಡಿಯೊಂದನ್ನು ಬ್ರೆಡ್‌ಬೋರ್ಡಿಗೆ ಸಿಕ್ಕಿಸಿಕೊಂಡಿದ್ದ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ, ಬೀರುವಿನಲ್ಲಿ ಬಟ್ಟೆ ಹೊದ್ದು ಕೂತಿದ್ದ ಡಿಜಿಟಲ್ ಆಸಿಲೋಸ್ಕೋಪನ್ನು ಹೊರಗೆ ತೆಗೆದೆ. (ಹಾಳಾದೀತೆಂದು ಅದನ್ನು ಮುಟ್ಟಲು ಬಿಡದಿರುವುದು ನನಗೆ ಮೊದಲಿನಿಂದಲೂ ಒಪ್ಪಿಗೆಯಿಲ್ಲ.) ಹುಡುಗ ಒತ್ತಿದ. ಪರದೆಯ ಮೇಲೆ 5 ವೋಲ್ಟಿನ ಗೆರೆ ಸೊನ್ನೆಗೆ ಬಿತ್ತು, ಮೇಲೆದ್ದಿತು, ಬಿತ್ತು, ಮತ್ತೆ ಎದ್ದಿತು, ಬಿದ್ದು ನಿಂತಿತು. ಗರಗಸದ ಹಲ್ಲಿನ ಹಾಗೆ ಮೂರು ಬೀಳು, ಎಲ್ಲವೂ ಎರಡು ಮಿಲಿಸೆಕೆಂಡಿನೊಳಗೆ. ಗುಂಡಿಯೊಳಗಿನ ಲೋಹದ ಪಟ್ಟಿ ತಾಗಿದೊಡನೆ ಚೆಂಡಿನಂತೆ ಪುಟಿಯುತ್ತದೆ. ಒತ್ತಿದ ಬೆರಳಿಗೆ ಅದು ತಿಳಿಯುವುದಿಲ್ಲ, ಆದರೆ 7490 ಪ್ರತಿಯೊಂದು ಬೀಳನ್ನೂ ಎಣಿಸುತ್ತದೆ. ಕಿಟ್‌ನ ಗುಂಡಿಯ ಹಿಂದೆ ಇದಕ್ಕೆ ಪರಿಹಾರ ಮೊದಲೇ ಅಡಗಿರುವುದರಿಂದ ನಮ್ಮ ಹುಡುಗರು ಇದನ್ನು ಕಾಣುವುದೇ ಇಲ್ಲ. ಪುಟಿತದ ಬಗ್ಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುವ ನಾನು, ಅದು ಕಣ್ಣೆದುರು ಬಂದಾಗ ಹುಡುಗನ ಕೈಯನ್ನು ಅನುಮಾನಿಸಿದೆ.

"ಹೋದ ವಾರದ ಲ್ಯಾಚ್ ನೆನಪಿದೆಯೇ?" ಎಂದೆ. ಒಮ್ಮೆ ಬದಲಾದ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುವ ಜೋಡಣೆ ಅದು. ಅವನೇ 7400 ಚಿಪ್ ತಂದ. ಅದರೊಳಗಿನ ನ್ಯಾಂಡ್ ಗೇಟ್ ಎರಡೂ ಇನ್‌ಪುಟ್ 1 ಆದಾಗ ಮಾತ್ರ 0 ಕೊಡುತ್ತದೆ, ಇಲ್ಲದಿದ್ದರೆ 1. ಎರಡು ನ್ಯಾಂಡ್ ಗೇಟ್‌ಗಳನ್ನು ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್ಟಿಗೆ ಬರುವಂತೆ ಜೋಡಿಸಿ, ಗುಂಡಿಯ ಬದಲು ಎರಡು ಕಡೆ ಕೂರುವ ಸ್ವಿಚ್ ಹಾಕಿದ. ಪಟ್ಟಿ ಒಂದು ಕಡೆ ಎಷ್ಟು ಪುಟಿದರೂ ಇನ್ನೊಂದು ಕಡೆಯನ್ನು ಮುಟ್ಟುವ ತನಕ ಲ್ಯಾಚ್ ಕದಲುವುದಿಲ್ಲ. 1, 2, 3. ತಪ್ಪದೆ 9ರವರೆಗೆ ಹೋಗಿ 0ಗೆ ಬಂತು. "ಅಮ್ಮನಿಗೆ ಸುಲಿದ ಡಬ್ಬ ಎಣಿಸಲು ಮಾಡಿಕೊಡುತ್ತೇನೆ ಮೇಡಂ, ಪ್ರತಿ ಸಲ ಲೆಕ್ಕದಲ್ಲಿ ಜಗಳ" ಎಂದ. ರೆಕಾರ್ಡಿನಲ್ಲಿ 0, 3, 4, 6 ಎಂಬ ಮೊದಲ ಸಾಲನ್ನೂ ಉಳಿಸಲು ಹೇಳಿ, ಅದರ ಪಕ್ಕದಲ್ಲೇ ಸಹಿ ಹಾಕಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದಿನ ಹುಡುಗಿಯೊಬ್ಬಳು ನೆನಪಾದಳು. ನ್ಯಾಂಡ್ ಗೇಟಿಗೆ 0 ಮತ್ತು 1 ಕೊಟ್ಟರೂ ಅವಳಿಗೆ ಔಟ್‌ಪುಟ್ 0 ಬಂದಿತ್ತು, ಹಾಗೆಯೇ ಬರೆದಿದ್ದಳು. 0 ಕೊಟ್ಟ ತಂತಿ ಸಡಿಲವಾಗಿದ್ದಿರಬೇಕು. ಏನೂ ತಾಗದ ಇನ್‌ಪುಟ್ಟನ್ನು ಈ ಜಾತಿಯ (ಟಿಟಿಎಲ್) ಚಿಪ್ 1 ಎಂದೇ ಓದುತ್ತದೆ. ಅವಳು ಕಂಡದ್ದು ನಿಜ. ನಾನು ತಂತಿಯನ್ನು ನೋಡದೆ, "ಟೇಬಲ್ ನೋಡಿ ತಿದ್ದು" ಎಂದಿದ್ದೆ. ಅವಳು ಮರುಮಾತಾಡದೆ ರಬ್ಬರಿನಿಂದ ಅಳಿಸಿ 1 ಎಂದು ಬರೆದಳು. ಆ ಪುಟದ ಕೆಳಗೂ ನನ್ನ ಸಹಿಯಿದೆ.