ನೂರಡಿಕೆಗೆ ಹತ್ತು ರೂಪಾಯಿ

ಹೋದ ವರ್ಷ ಏಪ್ರಿಲ್‌ನಲ್ಲಿ ನಾನೊಂದು ಕೆಲಸ ಕೆಡಿಸಿದೆ. ಅದೂ ಕೈಯಿಂದ ದುಡ್ಡು ಕೊಟ್ಟು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಮೇನ್ ರೋಡಿನಿಂದ ಎರಡು ಕಿಲೋಮೀಟರ್ ಒಳಗೆ. ಅಲ್ಲಿ ಅಮ್ಮ ಇದ್ದಾರೆ, ಎರಡು ಎಕರೆ ಅಡಿಕೆ ತೋಟ ಇದೆ. ನಾವು ಮೂವರು ಶಿವಮೊಗ್ಗದಲ್ಲಿ. ನಾನು ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಸೇಲ್ಸ್ ನೋಡಿಕೊಳ್ಳುತ್ತೇನೆ, ಹೆಂಡತಿ ಹೈಸ್ಕೂಲ್ ಟೀಚರ್. ಬೇಸಿಗೆ ರಜೆ ಬಂತೆಂದರೆ ಮಗ ಅಜ್ಜಿ ಮನೆಯಲ್ಲೇ. ಆಗ ಅವನಿಗೆ ಎಂಟು ವರ್ಷ.

ಕೊಯ್ಲು ಮುಗಿದ ಮೇಲೂ ಮರದಲ್ಲಿ ಅಲ್ಲೊಂದು ಇಲ್ಲೊಂದು ಗೊನೆ ಉಳಿದಿರುತ್ತದೆ. ಅದು ಹಣ್ಣಾಗಿ ಉದುರುತ್ತದೆ. ಅದನ್ನು ಹೆಕ್ಕಿ ಒಣಗಿಸಿದರೆ ಗೋಟು. ದೊಡ್ಡ ದುಡ್ಡೇನಲ್ಲ, ಆದರೆ ಅಮ್ಮನಿಗೆ ಬಿಡುವುದಕ್ಕೆ ಮನಸ್ಸಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಬುಟ್ಟಿ ಹಿಡಿದು ಹೊರಡುತ್ತಾರೆ. ಮಗ ಹಿಂದೆಯೇ ಓಡುತ್ತಿದ್ದ. ಹಲ್ಲು ಸಹ ಉಜ್ಜದೆ.

ಅವನಿಗೆ ಅದರಲ್ಲಿ ಒಂದು ಮಜಾ ಇತ್ತು. ಬಾವಲಿಗಳು ರಾತ್ರಿ ಹಣ್ಣಡಿಕೆಯನ್ನು ಕಚ್ಚಿಕೊಂಡು ಹೋಗಿ ಬೇರೆ ಯಾವುದೋ ಮರದಲ್ಲಿ ಕೂತು ಸಿಪ್ಪೆ ಚೀಪಿ ಕೆಳಗೆ ಬೀಳಿಸುತ್ತವೆ. ಆ ಮರ ಸಿಕ್ಕಿದರೆ ಅದರ ಬುಡದಲ್ಲಿ ಒಂದೇ ಕಡೆ ರಾಶಿ. ಅಮ್ಮನಿಗೆ ಗೊತ್ತಿದ್ದ ಮರಗಳು ಎರಡು. ಮಗ ಮೂರನೆಯದನ್ನು ಹುಡುಕಿದ. ಗುಡ್ಡದ ಅಂಚಿನ ಒಂದು ಹಲಸಿನ ಮರ. ಅವತ್ತು ಅವನು ಕೂಗಿಕೊಂಡು ಬಂದದ್ದು ನೋಡಬೇಕಿತ್ತು. ತಿಂಡಿ ತಿನ್ನುವಾಗಲೂ ಅದೇ ಮಾತು. ಬಾವಲಿಗೆ ಆ ಮರವೇ ಯಾಕೆ ಇಷ್ಟ, ಅದು ತಲೆಕೆಳಗಾಗಿಯೇ ತಿನ್ನುತ್ತದಾ, ನುಂಗುವಾಗ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ವಾ.

ನಾನು ಒಂದು ವಾರ ರಜೆ ಹಾಕಿ ಹೋಗಿದ್ದೆ. ಸೇಲ್ಸ್‌ನವನ ಬುದ್ಧಿ ಸುಮ್ನೆ ಇರುತ್ತದಾ? "ನೂರಡಿಕೆಗೆ ಹತ್ತು ರೂಪಾಯಿ ಕೊಡ್ತೀನಿ" ಅಂದೆ. ಅಮ್ಮ ಅಲ್ಲಿಂದಲೇ, "ಎಂಥಕ್ಕೆ ದುಡ್ಡು ಮಾರಾಯ? ಮಗು ಅದು, ಆಳಲ್ಲ" ಅಂದರು. ನಾನು ನಕ್ಕೆ. ದುಡ್ಡಿನ ಬೆಲೆ ಗೊತ್ತಾಗಲಿ ಬಿಡಿ ಅಂದೆ.

ಮೊದಲ ದಿನ ಇನ್ನೂರು ಚಿಲ್ಲರೆ ತಂದ. ನನಗೆ ಹೆಮ್ಮೆ. ಎರಡನೇ ದಿನ ಅವನದ್ದು ಬೇರೆ ಬುಟ್ಟಿ, ಅಜ್ಜಿಯದ್ದು ಬೇರೆ ಬುಟ್ಟಿ. ಮೂರನೇ ದಿನ ಅಜ್ಜಿ ಬುಟ್ಟಿಯಿಂದ ಒಂದು ಹಿಡಿ ಅವನ ಬುಟ್ಟಿಗೆ ಹೋಯಿತು. ನಾಲ್ಕನೇ ದಿನ ಬೇಲಿ ದಾಟಿ ಪಕ್ಕದವರ ತೋಟದ್ದೂ ಬಂತು. ಅದಕ್ಕೆ ಅಮ್ಮ ನನಗೆ ಬೈದರು, ಅವನಿಗಲ್ಲ. ಬಾವಲಿ ಸುದ್ದಿ ಅಷ್ಟರಲ್ಲೇ ನಿಂತುಹೋಗಿತ್ತು. ನನ್ನ ಗಮನಕ್ಕೆ ಬಂದದ್ದು ಆಮೇಲೆ.

ರಜೆ ಮುಗಿಸಿ ನಾನು ಶಿವಮೊಗ್ಗಕ್ಕೆ ವಾಪಸ್ ಬಂದೆ. ಮಾರನೇ ದಿನ ಫೋನ್ ಮಾಡಿದರೆ ಅಮ್ಮ ಹೇಳಿದರು: "ಕರೆದೆ. ಅಪ್ಪ ಇಲ್ವಲ್ಲ, ಇವತ್ತು ಎಂಥಕ್ಕೆ ಅಂದ." ಆ ರಜೆಯಲ್ಲಿ ಅವನು ಮತ್ತೆ ತೋಟಕ್ಕಿಳಿಯಲೇ ಇಲ್ಲ. ಹಲಸಿನ ಮರದ ಹತ್ತಿರಕ್ಕೂ ಅಷ್ಟೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಾ, "ಬಿ.ಎಡ್.ನಲ್ಲಿ ಇದಕ್ಕೆ ಒಂದು ಪಾಠವೇ ಇತ್ತು" ಅಂದಳು. ಖುಷಿಗೆ ಮಾಡಿದರೆ ಒಳಗಿನ ಪ್ರೇರಣೆ, ಬಹುಮಾನಕ್ಕೆ ಮಾಡಿದರೆ ಹೊರಗಿನ ಪ್ರೇರಣೆ. ಪರೀಕ್ಷೆಗೆ ಐದು ಮಾರ್ಕ್ಸಿನ ಪ್ರಶ್ನೆಯಂತೆ. ನಾನು ಹುಡುಕಿ ಓದುತ್ತಾ ಹೋದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಮಾಡಿದ ಒಂದು ಪ್ರಯೋಗ ಸಿಕ್ಕಿತು. ಪ್ರಕಟವಾದದ್ದು 1973ರಲ್ಲಿ. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವ ಮಕ್ಕಳನ್ನೇ ಆರಿಸಿಕೊಂಡರು. ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಅಂತ ಮೊದಲೇ ಹೇಳಿದರು. ಬಂಗಾರದ ಬಣ್ಣದ ಮುದ್ರೆ, ಕೆಂಪು ರಿಬ್ಬನ್ ಇದ್ದ ಸರ್ಟಿಫಿಕೇಟ್. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬಿಡಿಸಿ ಮುಗಿಸಿದ ಮೇಲೆ ಅದನ್ನೇ ಕೈಗಿಟ್ಟರು. ಮೂರನೆಯವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಪೆನ್ನುಗಳನ್ನು ಸುಮ್ನೆ ಇಟ್ಟು, ಕನ್ನಡಿಯ ಹಿಂದೆ ಕೂತು ನೋಡಿದರು. ಏನೂ ಸಿಗದ ಮಕ್ಕಳು ತಮ್ಮ ಆಟದ ಹೊತ್ತಿನಲ್ಲಿ ಶೇಕಡಾ 16.7ರಷ್ಟನ್ನು ಚಿತ್ರಕ್ಕೆ ಕೊಟ್ಟರು. ಬಹುಮಾನ ಇದೆ ಅಂತ ಮೊದಲೇ ಗೊತ್ತಿದ್ದ ಮಕ್ಕಳು ಶೇಕಡಾ 8.6 ಮಾತ್ರ. ಗೊತ್ತಿಲ್ಲದೆ ಬಹುಮಾನ ಸಿಕ್ಕಿದವರು ಶೇಕಡಾ 18.1.

ಆ ಕೊನೆಯ ಸಂಖ್ಯೆ ನನ್ನನ್ನು ತುಂಬಾ ಹೊತ್ತು ಕೂರಿಸಿತು. ಸರ್ಟಿಫಿಕೇಟ್ ಅದೇ, ರಿಬ್ಬನ್ನೂ ಅದೇ. ಬೇರೆಯಾಗಿದ್ದು ಮೊದಲು ಮಾತಾಡಿದ್ದು ಒಂದೇ. ಅಂದರೆ ನನ್ನ ತಪ್ಪು ಹತ್ತು ರೂಪಾಯಿಯದ್ದಲ್ಲ. ರಜೆ ಮುಗಿಸಿ ಹೊರಡುವಾಗ ಜೇಬಿಗೆ ಇಪ್ಪತ್ತು ರೂಪಾಯಿ ತುರುಕಿ "ಐಸ್‌ಕ್ರೀಂ ತಿನ್ನು" ಅಂದಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ನಮ್ಮ ಅಜ್ಜ ಹಾಗೇ ಮಾಡುತ್ತಿದ್ದರು. ಅವರು ಯಾವ ಸಂಶೋಧನೆಯನ್ನೂ ಓದಿರಲಿಲ್ಲ.

ಇದಕ್ಕೂ ಎರಡು ವರ್ಷ ಮೊದಲು, 1971ರಲ್ಲಿ, ಎಡ್ವರ್ಡ್ ಡೆಸಿ ಅನ್ನುವ ಮನಃಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಸೋಮಾ ಅನ್ನುವ ಏಳು ತುಂಡಿನ ಒಗಟು ಕೊಟ್ಟು ನೋಡಿದ್ದರು. ಕೆಲವರಿಗೆ ಒಗಟು ಬಿಡಿಸಿದ್ದಕ್ಕೆ ಒಂದೊಂದು ಡಾಲರ್. ನಡುವೆ ಎಂಟು ನಿಮಿಷ ಪ್ರಯೋಗ ನಡೆಸುವವರು ಎದ್ದು ಹೊರಗೆ ಹೋಗುತ್ತಿದ್ದರು. ಪ್ರಯೋಗ ಇದ್ದದ್ದು ಆ ಎಂಟು ನಿಮಿಷದಲ್ಲಿ. ಯಾರೂ ನೋಡದಾಗ ಒಗಟು ಮುಟ್ಟುತ್ತಾರೋ, ಪಕ್ಕದ ಮ್ಯಾಗಜಿನ್ ತಿರುವುತ್ತಾರೋ? ದುಡ್ಡು ಕೊಟ್ಟು ಆಮೇಲೆ ನಿಲ್ಲಿಸಿದವರಲ್ಲಿ ಒಗಟಿನ ಆಸೆ ಇಳಿದಿತ್ತು. ಮುಂದೆ ಡೆಸಿ, ರಿಚರ್ಡ್ ರಯಾನ್ ಜೊತೆ ಸೇರಿ ಇದನ್ನೇ ಒಂದು ದೊಡ್ಡ ಸಿದ್ಧಾಂತ ಮಾಡಿದರು. ಮನುಷ್ಯನಿಗೆ ಮೂರು ಬೇಕಂತೆ. ತನ್ನಿಷ್ಟಕ್ಕೆ ಮಾಡುತ್ತಿದ್ದೇನೆ ಅನ್ನಿಸಬೇಕು, ನನಗೆ ಬರುತ್ತದೆ ಅನ್ನಿಸಬೇಕು, ನನ್ನವರ ಜೊತೆ ಇದ್ದೇನೆ ಅನ್ನಿಸಬೇಕು. ಓದಿ ಬೇಜಾರಾಯಿತು. ಯಾವ ಕಡೆ ಹೋಗಬೇಕೆಂದು ಅವನೇ ಹೇಳುತ್ತಿದ್ದ. ಬಾವಲಿ ಮರ ಅವನಿಗೇ ಗೊತ್ತಿತ್ತು. ಪಕ್ಕದಲ್ಲಿ ಅಜ್ಜಿ ಇದ್ದರು. ಮೂರೂ ಇದ್ದ ಕಡೆ ನಾನು ಸಾಹುಕಾರನ ಹಾಗೆ ಲೆಕ್ಕದ ಪುಸ್ತಕ ಹಿಡಿದು ಹೋಗಿ ನಿಂತಿದ್ದೆ.

ಹಾಗಂತ ದುಡ್ಡೇ ಕೆಟ್ಟದ್ದು ಅಂತ ಹೊರಟರೆ ನನಗೇ ಸಿಟ್ಟು ಬರುತ್ತದೆ. ಕೊಯ್ಲಿನ ಕಾಲದಲ್ಲಿ ನಮ್ಮ ಮನೆಗೆ ಅಡಿಕೆ ಸುಲಿಯಲು ಹೆಂಗಸರು ಬರುತ್ತಾರೆ. ಮೆಟ್ಟುಗತ್ತಿ ಮುಂದೆ ಸಂಜೆಯಿಂದ ರಾತ್ರಿವರೆಗೆ ಕೂತು, ಸುಲಿದಷ್ಟಕ್ಕೆ ಕೂಲಿ ತೆಗೆದುಕೊಂಡು ಹೋಗುತ್ತಾರೆ. ಅವರ ಮುಂದೆ ನಿಂತು ಒಳಗಿನ ಪ್ರೇರಣೆ ಅಂತ ಭಾಷಣ ಮಾಡಿದರೆ ಮೆಟ್ಟುಗತ್ತಿಯನ್ನೇ ತೋರಿಸಿಯಾರು. ತೋರಿಸಬೇಕು ಕೂಡ. ಕೂಲಿ ಕಡಿಮೆ ಕೊಡುವುದಕ್ಕೆ ಈ ಸಿದ್ಧಾಂತ ಒಳ್ಳೆ ನೆಪ ಆಗಬಹುದು ನೋಡಿ. ಸಂಶೋಧಕರಲ್ಲೂ ಇದರ ಬಗ್ಗೆ ದೊಡ್ಡ ಜಗಳವೇ ಆಗಿದೆ. ಬಹುಮಾನದಿಂದ ಅಂಥ ನಷ್ಟವೇನಿಲ್ಲ ಅಂತ 1994ರಲ್ಲಿ ಇಬ್ಬರು ಬರೆದರು. 1999ರಲ್ಲಿ ಡೆಸಿಯವರ ತಂಡ 128 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿ, ಇದೆ ಅಂದಿತು. ಆದರೆ ನಷ್ಟ ಆಗುವುದು ಮೊದಲೇ ಆಸಕ್ತಿ ಇದ್ದ ಕೆಲಸದಲ್ಲಿ. ಬೋರ್ ಹೊಡೆಸುವ ಕೆಲಸದಲ್ಲಿ ಕಳೆದುಕೊಳ್ಳುವುದಕ್ಕೆ ಏನಿರುತ್ತದೆ? ನನಗೆ ಟ್ರ್ಯಾಕ್ಟರ್ ಮಾರಿದ್ದಕ್ಕೆ ಇನ್ಸೆಂಟಿವ್ ಬರುತ್ತದೆ. ಅದರಿಂದ ನನ್ನ ಯಾವ ಖುಷಿಯೂ ಹಾಳಾಗಿಲ್ಲ. ಹಾಳಾಗುವಂಥದ್ದು ಅಲ್ಲಿ ಇರಲೇ ಇಲ್ಲ.

ಮಗನ ವಿಷಯ ಸರಿಮಾಡಲು ನಾನು ಮಾಡಿದ ಉಪಾಯಗಳೆಲ್ಲ ಕೆಟ್ಟವು. ದುಡ್ಡು ಇಲ್ಲ, ಸುಮ್ನೆ ಅಜ್ಜಿಗೆ ಸಹಾಯ ಮಾಡು ಅಂದೆ. ಸಂಬಳ ನಿಲ್ಲಿಸಿ ಕೆಲಸ ಮಾಡು ಅಂದ ಹಾಗೆ ಮುಖ ಮಾಡಿದ. ಅಜ್ಜಿಗೆ ಸೊಂಟ ನೋವು ಅಂತ ಕರುಣೆ ಹುಟ್ಟಿಸಲು ನೋಡಿದೆ. ಆ ಕಡೆ ಅಮ್ಮ ಫೋನಿನಲ್ಲೇ, "ನಂಗೆಂಥ ಸೊಂಟ ನೋವು?" ಅಂದುಬಿಟ್ಟರು.

ಈ ವರ್ಷ ರಜೆಗೆ ಬಿಟ್ಟುಬರುವಾಗ ನಾನು ಏನೂ ಹೇಳಲಿಲ್ಲ. ಅಮ್ಮನೂ ಕರೆಯಲಿಲ್ಲವಂತೆ. ನಾಲ್ಕನೇ ದಿನ ಬುಟ್ಟಿ ಅರ್ಧ ಖಾಲಿ ತಂದು ಜಗಲಿಯಲ್ಲಿಟ್ಟು, "ಈ ಸಲ ಬಾವಲಿ ಹಲಸಿನ ಮರಕ್ಕೆ ಬರ್ತಿಲ್ಲ ಮಾರಾಯ, ಎಲ್ಲಿಗೆ ಹೋದವೋ" ಅಂತ ತಮ್ಮಷ್ಟಕ್ಕೆ ಅಂದುಕೊಂಡರಂತೆ. ನಾಟಕವೋ ನಿಜವೋ ನನಗೆ ಗೊತ್ತಿಲ್ಲ. ಕೇಳಿದರೆ ನಗುತ್ತಾರೆ. ಮಾರನೇ ಬೆಳಿಗ್ಗೆ ಅವನು ಟಾರ್ಚ್ ಹಿಡಿದು ಅಜ್ಜಿಗಿಂತ ಮೊದಲೇ ಅಂಗಳದಲ್ಲಿ ನಿಂತಿದ್ದನಂತೆ.

ಮೂರು ದಿನ ಹುಡುಕಿದರಂತೆ. ಸಿಕ್ಕಿತಂತೆ.

"ಯಾವ ಮರ?" ಅಂತ ಫೋನಿನಲ್ಲಿ ಕೇಳಿದೆ.

"ಅಪ್ಪಂಗೆ ಹೇಳ್ಬೇಡ ಅಂದಿದ್ದಾನೆ" ಅಂದರು ಅಮ್ಮ.