ಜೇಬುಗಡಿಯಾರದ ಜೀರ್ಣೋದ್ಧಾರದಲ್ಲಿ ಮುಟ್ಟಬಾರದ ಸಂಗತಿಗಳು

ವರ್ಷಗಟ್ಟಲೆ ಬೀರುವಿನಲ್ಲಿದ್ದು ನಿಂತುಹೋದ ಜೇಬುಗಡಿಯಾರವನ್ನು ಮನೆಯವರು ಸಾಮಾನ್ಯವಾಗಿ ಕೆಟ್ಟುಹೋಯಿತೆಂದೇ ತಿಳಿಯುತ್ತಾರೆ. ಬಹಳಷ್ಟು ಸಲ ಅದು ಕೆಟ್ಟಿರುವುದಿಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿ, ಆ ಅಂಟಿಗೆ ಧೂಳು ಸೇರಿ, ಚಕ್ರಗಳು ತಿರುಗಲಾರದೆ ನಿಂತಿರುತ್ತವೆ. ಆ ಸ್ಥಿತಿಯಲ್ಲಿ ಕೀ ಕೊಟ್ಟು, ಅಲ್ಲಾಡಿಸಿ, ಹೇಗೋ ನಡೆಸಿಬಿಡುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ, ಏಕೆಂದರೆ ಧೂಳು ಬೆರೆತ ಎಣ್ಣೆಯು ಕೂದಲೆಳೆಯಷ್ಟು ತೆಳುವಾದ ಉಕ್ಕಿನ ತುದಿಗಳನ್ನು ಅರೆದು ಸವೆಸಿಬಿಡುತ್ತದೆ. ನಿಂತ ಗಡಿಯಾರ ನಿಂತೇ ಇದ್ದರೆ ನೂರು ವರ್ಷವಾದರೂ ಉಳಿದೀತು. ಕೊಳೆಯೊಡನೆ ನಡೆದ ಗಡಿಯಾರಕ್ಕೆ ಆ ಭಾಗ್ಯವಿಲ್ಲ.

ಇತ್ತೀಚೆಗೆ ಮಲ್ಲೇಶ್ವರದ ಪರಿಚಿತರೊಬ್ಬರು ತಮ್ಮ ಅಜ್ಜನ ಕಾಲದ ಸ್ವಿಸ್ ಜೇಬುಗಡಿಯಾರವನ್ನು ನನ್ನ ಕೈಗಿತ್ತು, ‘ಹೊಸದರ ಹಾಗೆ ಮಾಡಿಕೊಡಿ’ ಎಂದರು. ಬೆಳ್ಳಿಯ ಕೇಸು, ಬಿಳಿ ಎನಾಮೆಲ್ ಡಯಲು, ಸವೆತ ತಡೆಯಲು ಹದಿನೈದು ಕಲ್ಲುಗಳನ್ನು ಕೂರಿಸಿದ ಲೀವರ್ ಯಂತ್ರ. ಹೊಸದರ ಹಾಗೆ ಮಾಡುವುದಿಲ್ಲ, ನಡೆಯುವ ಹಾಗೆ ಮಾಡುತ್ತೇನೆ ಎಂದು ನಾನು ಆಗಲೇ ಹೇಳಿದೆ. ಈ ಎರಡರ ನಡುವಿನ ಅಂತರವನ್ನು ಅವರಿಗೆ ಮನಗಾಣಿಸಲು ನಾನು ಹಿಂಬದಿಯ ಮುಚ್ಚಳ ತೆರೆದು, ಲೂಪ್ ಎಂಬ ಭೂತಗನ್ನಡಿಯನ್ನು ಅವರ ಕಣ್ಣಿಗೇ ಹಿಡಿಯಬೇಕಾಯಿತು.

ಮುಚ್ಚಳದ ಒಳಮೈಯಲ್ಲಿ ನಿಂತ ಕರಡಿಯ ಪುಟ್ಟ ಮುದ್ರೆಯಿತ್ತು, ಪಕ್ಕದಲ್ಲಿ 0.875 ಎಂಬ ಅಂಕೆ. ಬೆಳ್ಳಿಯ ಶುದ್ಧತೆಗೆ ಸ್ವಿಟ್ಜರ್‌ಲೆಂಡ್ 1880ರ ದಶಕದಿಂದ ಒತ್ತುತ್ತ ಬಂದ ಗುರುತು ಅದು. ಆ ಮುದ್ರೆಯ ಸುತ್ತ ಸೂಜಿಮೊನೆಯಿಂದ ಗೀಚಿದ ಸಣ್ಣ ಅಕ್ಷರಗಳೂ ಅಂಕೆಗಳೂ ಇದ್ದವು. ಗಡಿಯಾರ ಬಿಚ್ಚಿ ತೊಳೆದ ರಿಪೇರಿಗಾರರು ತಮ್ಮ ಲೆಕ್ಕಕ್ಕಾಗಿ ಬಿಟ್ಟುಹೋಗುವ ಗುರುತುಗಳಿವು: ಒಂದು ಗೀಟು ದಪ್ಪ, ಒಂದು ಸಪೂರ, ಒಂದರ ಮೇಲೆ ಇನ್ನೊಂದು ಹಾಯ್ದುಹೋಗಿತ್ತು. ಬೆನ್ನ ಮೇಲೆ ಕೆತ್ತಿಸಿದ್ದ ಹೆಸರಿನ ಮೊದಲಕ್ಷರಗಳು ಹೆಬ್ಬೆರಳು ಉಜ್ಜಿ ಉಜ್ಜಿ ಅರ್ಧ ಮಾಸಿದ್ದವು. ಬಫಿಂಗ್ ಚಕ್ರಕ್ಕೆ ಹಿಡಿದರೆ ಕೇಸು ಕನ್ನಡಿಯಂತೆ ಹೊಳೆಯುವುದು ನಿಜ, ಆದರೆ ಹೊರಮೈಯ ಅಕ್ಷರಗಳು ಪೂರ್ತಿ ಹೋಗುತ್ತವೆ, ಅಂಚುಗಳು ದುಂಡಗಾಗುತ್ತವೆ, ಮುಚ್ಚಳದ ಕೀಲು ತೆಳುವಾಗುತ್ತದೆ; ಹೋದ ಬೆಳ್ಳಿಯನ್ನು ಮತ್ತೆ ಅಲ್ಲಿ ಕೂರಿಸುವವರು ಯಾರೂ ಇಲ್ಲ. ಆದ್ದರಿಂದ ಸೌಮ್ಯವಾದ ಸೋಪಿನ ನೀರು ಮತ್ತು ಹತ್ತಿಬಟ್ಟೆಯನ್ನು ಮೀರಿ ಆ ಕೇಸಿಗೆ ನಾನು ಏನನ್ನೂ ಬಳಸಲಿಲ್ಲ.

ಯಂತ್ರವನ್ನು ಬಿಚ್ಚುವಾಗ ಮೊಟ್ಟಮೊದಲು, ಗಡಿಯಾರವನ್ನು ನಡೆಸುವ ಮೇನ್‌ಸ್ಪ್ರಿಂಗಿನಲ್ಲಿ ಉಳಿದಿರುವ ಬಿಗಿಯನ್ನು ಇಳಿಸಬೇಕು. ಕ್ಲಿಕ್ ಎಂಬ ತಡೆಯನ್ನು ಮೆಲ್ಲಗೆ ಸರಿಸಿ, ಕೀಯನ್ನು ಬೆರಳಲ್ಲೇ ಹಿಡಿದು ತುಸುತುಸುವಾಗಿ ಸಡಿಲಿಸದೆ, ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ‘ಸೇತುವೆ’ ಎಂಬ ಪಟ್ಟಿಯ ಸ್ಕ್ರೂ ತೆಗೆದರೆ, ಕೂಡಿಟ್ಟ ಬಲವೆಲ್ಲ ಒಮ್ಮೆಲೇ ನುಗ್ಗಿ ಚಕ್ರದ ಹಲ್ಲುಗಳನ್ನು ಮುರಿಯುತ್ತದೆ. ತೊಳೆಯುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಚಕ್ರಗಳ ಓಟವನ್ನು ಮಿಡಿತಮಿಡಿತಕ್ಕೂ ತಡೆದು ಬಿಡುವ ಲೀವರ್ ಎಂಬ ಸಣ್ಣ ಸನ್ನೆಯ ಎರಡು ಕೆಂಪು ಕಲ್ಲುಗಳನ್ನು ಹಿಡಿದಿಟ್ಟಿರುವುದು ನಮ್ಮ ಕಾಡುಗಳಲ್ಲೂ ಸಿಗುವ ಅರಗು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮಿಕ್ಕ ಭಾಗಗಳೊಡನೆ ಲೀವರನ್ನೂ ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಕಲ್ಲುಗಳು ಸಡಿಲವಾಗಿ, ಅವುಗಳ ಚಾಚು ಒಂದಿಷ್ಟು ಬದಲಾದರೂ ಗಡಿಯಾರದ ಲಯವೇ ತಪ್ಪುತ್ತದೆ. ಆ ಭಾಗಕ್ಕೆ ಶುದ್ಧ ಪೆಟ್ರೋಲಿನ ಅದ್ದು, ಮೃದುವಾದ ಕುಂಚ, ಇಷ್ಟೇ ಸಾಕು.

ಹಳೆಯ ಮೇನ್‌ಸ್ಪ್ರಿಂಗ್ ಬಲಗುಂದಿತ್ತು. ಹೊರತೆಗೆದ ಒಳ್ಳೆಯ ಸ್ಪ್ರಿಂಗ್ ಅಗಲವಾಗಿ ಬಿಚ್ಚಿಕೊಳ್ಳಬೇಕು. ಇದು ಸುರುಳಿಯಾಗಿಯೇ ಮುದುಡಿ ಕುಳಿತಿತ್ತು, ಅಲ್ಲಲ್ಲಿ ತುಕ್ಕಿನ ಚುಕ್ಕೆಗಳೂ ಇದ್ದವು. ಇದನ್ನು ಬದಲಿಸಲು ನನಗೆ ಸಂಕೋಚವಿರಲಿಲ್ಲ, ಏಕೆಂದರೆ ಮೇನ್‌ಸ್ಪ್ರಿಂಗ್ ಎಂಬುದು ಸವೆದು ಹೋಗಲೆಂದೇ ಇರುವ ಭಾಗ. ಆದರೆ ಅಳತೆಯಲ್ಲಿ ರಾಜಿಯಿಲ್ಲ. ಸ್ಪ್ರಿಂಗಿನ ಬಲ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ ದಪ್ಪ ನೂರಕ್ಕೆ 10ರಷ್ಟು ಹೆಚ್ಚಿದರೆ ಬಲ ನೂರಕ್ಕೆ 33ರಷ್ಟು ಹೆಚ್ಚುತ್ತದೆ. ‘ಇರಲಿ, ಸ್ವಲ್ಪ ಗಟ್ಟಿಯದೇ ಹಾಕೋಣ’ ಎಂದು ಕೈಗೆ ಸಿಕ್ಕಿದ್ದನ್ನು ತುರುಕಿದ ಗಡಿಯಾರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ, ಅತ್ತಿತ್ತ ತೂಗಿ ಲಯ ಕಾಯುವ ಬ್ಯಾಲೆನ್ಸ್ ಚಕ್ರ ಅತಿಯಾಗಿ ತೂಗಿ ಲೀವರಿನ ಹಿಂಬದಿಗೆ ಬಡಿಯುತ್ತ, ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತಿರುತ್ತದೆ. ಮೈಕ್ರೋಮೀಟರಿನಲ್ಲಿ ಅಳೆದು, ಅದೇ ಅಗಲ, ದಪ್ಪ, ಉದ್ದಗಳ ತುಕ್ಕು ಹಿಡಿಯದ ಮಿಶ್ರಲೋಹದ ಸ್ಪ್ರಿಂಗನ್ನು ತರಿಸಿ ಹಾಕಿದೆ.

ಎಣ್ಣೆಯ ವಿಷಯದಲ್ಲಿ ಹೇಳುವುದು ಕಡಿಮೆ: ಗಡಿಯಾರಕ್ಕೆಂದೇ ತಯಾರಾದ ಎಣ್ಣೆ, ಕಲ್ಲಿನ ಕುಳಿ ಅರ್ಧ ತುಂಬುವಷ್ಟು ಮಾತ್ರ. ಹೊಲಿಗೆ ಯಂತ್ರದ ಎಣ್ಣೆ ಖಂಡಿತ ಬೇಡ.

ಆ ಅಜ್ಜನ ಕಾಲದ ಬಹುಪಾಲು ಲೀವರ್ ಗಡಿಯಾರಗಳು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತವೆ. ದಿನಕ್ಕೆ ಲೆಕ್ಕ ಹಾಕಿದರೆ 4,32,000. ನಮ್ಮ ಪಂಚಾಂಗಗಳು ಕಲಿಯುಗಕ್ಕೆ ಹೇಳುವ ವರ್ಷಗಳ ಸಂಖ್ಯೆಯೂ ಇದೇ. ಕೇವಲ ಕಾಕತಾಳೀಯವಿರಬಹುದು, ಆದರೂ ಮೊದಲ ಸಲ ಈ ಗುಣಾಕಾರ ಮಾಡಿದಾಗ ಆದ ಸಂತೋಷ ನನಗಿನ್ನೂ ಹೋಗಿಲ್ಲ.

ಡಯಲಿನ ಬಗ್ಗೆಯೇ ನನಗೂ ಆ ಮನೆಯವರಿಗೂ ಹೆಚ್ಚು ಚರ್ಚೆಯಾಯಿತು. ತಾಮ್ರದ ಬಿಲ್ಲೆಯ ಮೇಲೆ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಮಾಡಿದ ಎನಾಮೆಲ್ ಬಣ್ಣಗೆಡುವುದಿಲ್ಲ, ಹಳದಿಯಾಗುವುದಿಲ್ಲ. ಬಿದ್ದರೆ ಮಾತ್ರ ಸೀಳುತ್ತದೆ. ಇದರಲ್ಲಿ ಏಳರ ಅಂಕೆಯಿಂದ ನಡುವಿನವರೆಗೆ ಒಂದು ಕಪ್ಪು ಗೆರೆ ಹೋಗಿತ್ತು. ಅದನ್ನು ಮುಚ್ಚಿ ಹೊಸ ಬಣ್ಣ ಬಳಿಸಬಹುದಲ್ಲವೇ ಎಂದು ಅವರು ಕೇಳಿದರು. ಹಾಗೆ ಬಳಿಸಿದರೆ ಅಂಕಿಗಳನ್ನೂ ಹೊಸದಾಗಿ ಬರೆಸಬೇಕು. ಆಗ ಅದು ಅವರ ಅಜ್ಜ ನೋಡಿದ ಡಯಲ್ ಆಗಿ ಉಳಿಯುವುದಿಲ್ಲ. ಬಿರುಕು ಕಪ್ಪಾಗಿ ಕಾಣುವುದು ಒಳಗೆ ಸೇರಿದ ಕೊಳೆಯಿಂದ. ಕಟ್ಟುಹಲ್ಲು ತೊಳೆಯುವ ಮಾತ್ರೆಯನ್ನು ಕರಗಿಸಿದ ನೀರಿನಲ್ಲಿ ಡಯಲನ್ನಷ್ಟೇ ಸ್ವಲ್ಪ ಹೊತ್ತು ಇಟ್ಟು ತೆಗೆದಾಗ ಗೆರೆ ಬಹುಮಟ್ಟಿಗೆ ತಿಳಿಯಾಯಿತು. ಅಕ್ಷರಗಳೂ ಎನಾಮೆಲ್‌ನೊಡನೆ ಸುಟ್ಟು ಕೂಡಿಸಿದವುಗಳೆಂದು ಖಚಿತವಾದ ಮೇಲೆ ಮಾತ್ರ ಹೀಗೆ ಮಾಡಬೇಕು. ಮೇಲೆ ಬಣ್ಣದಲ್ಲಿ ಬರೆದ ಹೆಸರಿದ್ದರೆ ಅದು ನೀರಿನಲ್ಲೇ ಹೊರಟುಹೋಗುತ್ತದೆ.

ಈ ಕೆಲಸ ಕಲಿಯಲು ಬೆಂಗಳೂರಿಗಿಂತ ಒಳ್ಳೆಯ ಊರು ಇಲ್ಲವೆಂದು ನಾನು ನಂಬಿದ್ದೇನೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ 1961ರಲ್ಲಿ ಇಲ್ಲಿ ಆರಂಭವಾದ ಮೇಲೆ, ಬ್ಯಾಲೆನ್ಸ್ ಚಕ್ರದ ಸಪೂರ ಸುರುಳಿಯಾದ ಹೇರ್‌ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ನೇರಮಾಡಬಲ್ಲ ಸಾವಿರಾರು ಕೈಗಳು ಈ ಊರಿನಲ್ಲಿ ಪಳಗಿದವು, ಅವರಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆಯಿತು. ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ನನಗೆ ಬ್ಯಾಲೆನ್ಸ್ ಕೂರಿಸುವುದನ್ನು ಕಲಿಸುವಾಗ ಕೈಯ ಕಡೆ ನೋಡಬೇಡ, ನೆರಳಿನ ಕಡೆ ನೋಡು ಎನ್ನುತ್ತಿದ್ದರು. ಸುರುಳಿ ಒಂದೆಡೆ ವಾಲಿದ್ದರೆ ಕೆಳಗಿನ ತಟ್ಟೆಯ ಮೇಲೆ ಬೀಳುವ ನೆರಳಿನಲ್ಲಿ ಅದು ಮೊದಲು ತಿಳಿಯುತ್ತದೆ. ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಕಡೆ ಹಳೆಯ ರಿಪೇರಿ ಅಂಗಡಿಗಳು ಇನ್ನೂ ಇವೆ, ಆದರೆ ಅಲ್ಲಿಗೆ ಬರುವ ಕೆಲಸ ಹೆಚ್ಚಾಗಿ ಬ್ಯಾಟರಿ ಬದಲಿಸುವುದೇ ಆಗಿದೆ. ಮನೆಯ ಹಳೆಯ ಗಡಿಯಾರಗಳನ್ನು ಇಂಥವರ ಬಳಿಗೆ ಈಗಲೇ ಒಯ್ಯಬೇಕು, ಅವರ ಕಣ್ಣು ಕೈ ಗಟ್ಟಿಯಾಗಿರುವಾಗಲೇ.

ಗಡಿಯಾರ ಈಗ ಪೂರ್ತಿ ಕೀ ಕೊಟ್ಟಾಗ ಬ್ಯಾಲೆನ್ಸ್ 250 ಡಿಗ್ರಿಗೂ ಮೀರಿ ತೂಗುತ್ತದೆ, ಅದರ ವಯಸ್ಸಿಗೆ ಅದು ಬಹಳ ಒಳ್ಳೆಯ ಆರೋಗ್ಯ. ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಬೀಳುತ್ತದೆ. ವೇಗ ಸರಿಹೊಂದಿಸುವ ರೆಗ್ಯುಲೇಟರನ್ನು ಇನ್ನಷ್ಟು ಸರಿಸಬಹುದಾದರೂ, ಒಂದೆರಡು ತಿಂಗಳು ಜೇಬಿನಲ್ಲಿ ಓಡಾಡಿ ಹೊಸ ಸ್ಪ್ರಿಂಗ್ ಹದಕ್ಕೆ ಬಂದ ಮೇಲೆ ಸರಿಸುವುದು ವಾಸಿ. ಮುಚ್ಚಳದೊಳಗೆ ನನ್ನ ಗುರುತನ್ನು ಗೀಚಲಿಲ್ಲ. ಏನನ್ನು ತೊಳೆದೆ, ಯಾವ ಎಣ್ಣೆ ಹಾಕಿದೆ, ಯಾವ ಅಳತೆಯ ಸ್ಪ್ರಿಂಗ್ ಬದಲಿಸಿದೆ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ತೆಗೆದ ಹಳೆಯ ಸ್ಪ್ರಿಂಗನ್ನೂ ಪುಟ್ಟ ಲಕೋಟೆಯಲ್ಲಿ ಹಾಕಿ ಗಡಿಯಾರದೊಡನೆ ಕೊಟ್ಟಿದ್ದೇನೆ. ನಾಲ್ಕೈದು ವರ್ಷಗಳ ಮೇಲೆ ಅದನ್ನು ಮತ್ತೆ ಬಿಚ್ಚುವವರಿಗೆ ಆ ಚೀಟಿ ಬೇಕಾಗುತ್ತದೆ.