ಮೂರು ಅಡ್ಡಗೆರೆಯ ಆಚೆ ಈಚೆ: ಗಿರಣಿಯ ಹಳೆ ಕಂಪ್ಯೂಟರ್‌ಗಳಿಗೆ ಡೆಬಿಯನ್, ಈವರೆಗಿನ ಪ್ರಗತಿ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಲೆಕ್ಕದ ಕೋಣೆಯಿಂದ ಬಂದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಈಗ ಲಿನಕ್ಸ್ ಬಗೆಯ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ 13ರಲ್ಲಿ ನಡೆಯುತ್ತಿವೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಈ ಯಂತ್ರಗಳಲ್ಲಿ ಇಲ್ಲ. ಸಾಹುಕಾರರು ಹೊಸದನ್ನು ತರಿಸಿಕೊಂಡರು. ಹಳೆಯವು ಗುಜರಿಗೆ ಹೋಗುವ ಮೊದಲು ನಾನು ಕೇಳಿ ಪಡೆದೆ. ಅವು ಹೋಗಬೇಕಾದದ್ದು ಕನಕಗಿರಿ ಕಡೆಯ ಒಂದು ಹಳ್ಳಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ.

ಪೆನ್‌ಡ್ರೈವ್ ಚುಚ್ಚಿ, ಮೌಸ್ ಒತ್ತುತ್ತಾ ಹೋಗುವುದಾಗಿದ್ದರೆ ಇದರಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಕೇಂದ್ರದ ಮೇಲ್ವಿಚಾರಕಿ ಕೇಳಿದ ಒಂದು ಪ್ರಶ್ನೆ ಕೆಲಸದ ದಾರಿಯನ್ನೇ ಬದಲಿಸಿತು: “ಇದು ಕೆಟ್ಟರೆ ನೀವು ಗಂಗಾವತಿಯಿಂದ ಬರುವವರೆಗೂ ಮುಚ್ಚಿ ಇಡಬೇಕೇ ಸರ್?” ಮೌಸ್‌ನಿಂದ ಮಾಡಿದ ಇನ್‌ಸ್ಟಾಲ್ ಮಾಡಿದವನ ಬೆರಳಲ್ಲೇ ಉಳಿಯುತ್ತದೆ. ಅವರಿಗೆ ಬೇಕಾದದ್ದು ಹಾಳೆಯ ಮೇಲೆ ಬರೆದುಕೊಡಬಹುದಾದ ಒಂದು ಸಾಲು. ಹಾಗಾಗಿ ಎಲ್ಲ ಉತ್ತರಗಳನ್ನೂ ಮೊದಲೇ ಕೊಟ್ಟು ನಡೆಸುವ ಇನ್‌ಸ್ಟಾಲ್‌ಗೆ ಇಳಿದೆ.

ಬೂಟ್ ಸಾಲು

ಇಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಯಂತ್ರದ ಮುಂದೆ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು.

ಹಳೆಯ ಬಯಾಸ್ (ಯಂತ್ರ ಹೊತ್ತಿಸಿದೊಡನೆ ಮೊದಲು ಓಡುವ ತಂತ್ರಾಂಶ) ಇರುವ ಯಂತ್ರದಲ್ಲಿ ಡೆಬಿಯನ್‌ನ ಮೊದಲ ಪಟ್ಟಿ ಕಾಣಿಸಿದಾಗ ಟ್ಯಾಬ್ ಕೀ ಒತ್ತಿದರೆ, ಆ ಆಯ್ಕೆಯ ಹಿಂದೆ ಅಡಗಿರುವ ಸಾಲು ಕೆಳಗೆ ತೆರೆದುಕೊಳ್ಳುತ್ತದೆ. ಬಯಾಸ್‌ನ ಬದಲು ಬಂದ ಯುಇಎಫ್‌ಐ ಇರುವ ಯಂತ್ರದಲ್ಲಿ ‘ಇ’ ಒತ್ತಿ ತಿದ್ದಿ, ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಬೂಟ್ ಆಗುತ್ತದೆ. ಸುಧಾರಿತ ಆಯ್ಕೆಗಳ ಒಳಗಿನ ‘ಆಟೊಮೇಟೆಡ್ ಇನ್‌ಸ್ಟಾಲ್’ ಆಯ್ದುಕೊಂಡರೆ ಆ ಸಾಲಿನಲ್ಲಿ ‘ಆಟೋ=ಟ್ರೂ’ ಮತ್ತು ‘ಪ್ರಯಾರಿಟಿ=ಕ್ರಿಟಿಕಲ್’ ಎರಡೂ ಆಗಲೇ ಇರುತ್ತವೆ. ಎರಡನೆಯದರ ಕೆಲಸ ಸರಳ: ತೀರಾ ಮುಖ್ಯವಾದ ಪ್ರಶ್ನೆಗಳನ್ನು ಬಿಟ್ಟು ಉಳಿದವನ್ನು ಕೇಳುವುದಿಲ್ಲ. ಮೊದಲನೆಯದು ಜಾಣತನದ್ದು. ಉತ್ತರಗಳ ಕಡತ ನೆಟ್‌ವರ್ಕ್‌ನಲ್ಲಿದ್ದರೆ, ಅದು ಕೈಗೆ ಬರುವ ಮೊದಲೇ ಇನ್‌ಸ್ಟಾಲರ್ ಭಾಷೆ ಯಾವುದು, ಕೀಲಿಮಣೆ ಯಾವುದು ಎಂದು ಕೇಳಲು ನಿಲ್ಲುತ್ತದೆ. ‘ಆಟೋ=ಟ್ರೂ’ ಆ ಪ್ರಶ್ನೆಗಳನ್ನು ನೆಟ್‌ವರ್ಕ್ ಸಿದ್ಧವಾಗುವವರೆಗೆ ಮುಂದಕ್ಕೆ ತಳ್ಳುತ್ತದೆ.

ನಾನು ಸೇರಿಸುವುದು ‘ಯುಆರ್‌ಎಲ್=’ ಮತ್ತು ನನ್ನ ಲ್ಯಾಪ್‌ಟಾಪ್‌ನ ಐಪಿ ವಿಳಾಸ, ಅಷ್ಟೆ. ಪೂರ್ತಿ ವಿಳಾಸ ಬೇಕಿಲ್ಲ. ಮುಂದಿನ ‘ಎಚ್‌ಟಿಟಿಪಿ’ಯನ್ನೂ, ಹಿಂದಿನ ‘ಡಿ-ಐ’, ‘ಟ್ರಿಕ್ಸಿ’ (ಡೆಬಿಯನ್ 13ರ ಅಡ್ಡಹೆಸರು) ಎಂಬ ಫೋಲ್ಡರ್‌ಗಳನ್ನೂ, ‘ಪ್ರಿಸೀಡ್.ಸಿಎಫ್‌ಜಿ’ ಎಂಬ ಉತ್ತರಗಳ ಕಡತದ ಹೆಸರನ್ನೂ ಇನ್‌ಸ್ಟಾಲರ್ ತಾನೇ ಜೋಡಿಸಿಕೊಳ್ಳುತ್ತದೆ. ಅದೇ ಹೆಸರಿನ ಫೋಲ್ಡರ್‌ಗಳನ್ನು ಮಾಡಿಟ್ಟು, ಪೈಥಾನ್ ಜೊತೆಗೇ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರ್ ಅನ್ನು 80ನೇ ಪೋರ್ಟ್‌ನಲ್ಲಿ ಓಡಿಸಿದರೆ ಸಾಕು. ಕೀಲಿಮಣೆಯ ಅರ್ಧ ಅಕ್ಷರ ಅಳಿಸಿಹೋಗಿರುವ ಯಂತ್ರದಲ್ಲಿ ಇಷ್ಟು ಕಡಿಮೆ ಟೈಪಿಂಗ್ ದೊಡ್ಡ ಉಪಕಾರ.

ಅಡ್ಡಗೆರೆಗಳು

ಆ ಸಾಲಿನ ಕೊನೆಯಲ್ಲಿ ಮೂರು ಅಡ್ಡಗೆರೆಗಳು (---), ಅದರ ನಂತರ ‘ಕ್ವಯೆಟ್’ ಎಂಬ ಪದ ಇರುತ್ತದೆ. ಬಹಳ ಜನ ಇದನ್ನು ಅಲಂಕಾರ ಎಂದುಕೊಂಡು ದಾಟಿ ಹೋಗುತ್ತಾರೆ. ಅದು ಹೊಲದ ಬಾಂದು ಕಲ್ಲು. ಅದರ ಎಡಕ್ಕೆ ಬರೆದದ್ದು ಇನ್‌ಸ್ಟಾಲ್ ಮುಗಿದೊಡನೆ ಮುಗಿಯುತ್ತದೆ; ಬಲಕ್ಕೆ ಬರೆದದ್ದು ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್‌ನ ಸಂರಚನೆಗೆ ನಕಲಾಗಿ, ಮುಂದೆ ಆ ಯಂತ್ರ ಬೂಟ್ ಆದಾಗಲೆಲ್ಲ ಜೊತೆಗಿರುತ್ತದೆ.

ಒಂದು ಯಂತ್ರದ ಗ್ರಾಫಿಕ್ಸ್ ಕಾರ್ಡ್ ಹಳೆಯ ರೇಡಿಯಾನ್. ವ್ಯವಸ್ಥೆಯ ತಿರುಳಾದ ಕರ್ನಲ್ ಪರದೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡೊಡನೆ ಎಲ್ಲ ಕಪ್ಪಾಗುತ್ತಿತ್ತು. ‘ನೊಮೋಡ್‌ಸೆಟ್’ ಎಂದು ಸೇರಿಸಿದರೆ ಬೆಳಕು ಬರುತ್ತದೆ. ಎಡಕ್ಕೆ ಸೇರಿಸಿದರೆ ಇನ್‌ಸ್ಟಾಲ್ ಚೆನ್ನಾಗಿ ಮುಗಿದು, ಮರಳಿ ಬೂಟ್ ಆದಾಗ ಮತ್ತೆ ಕಪ್ಪು. ಬಲಕ್ಕೆ ಸೇರಿಸಿದರೆ ಉಳಿಯುತ್ತದೆ. ಹಾಗೆಂದು ಅದನ್ನು ಶಾಶ್ವತವಾಗಿ ಬಿಡುವುದೂ ಸರಿಯಲ್ಲ, ಪರದೆಯ ಗಾತ್ರ ಒರಟಾಗಿಯೇ ಉಳಿಯುತ್ತದೆ. ಎಎಂಡಿ ಗ್ರಾಫಿಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿದ ಮೇಲೆ ಗ್ರಬ್‌ನ ಕಡತದಿಂದ ಆ ಪದ ತೆಗೆದು, ‘ಅಪ್‌ಡೇಟ್-ಗ್ರಬ್’ ಓಡಿಸಿದೆ. ಈಗ ಪರದೆ ನಿಚ್ಚಳವಾಗಿದೆ. ಕರ್ನಲ್‌ಗೆ ನಿಜಕ್ಕೂ ಏನು ತಲುಪಿದೆ ಎಂಬ ಅನುಮಾನ ಬಂದರೆ ‘/ಪ್ರಾಕ್/ಸಿಎಂಡಿಲೈನ್’ ಓದಿ ನೋಡಿ. ಅಲ್ಲಿ ಊಹೆಗೆ ಜಾಗವಿಲ್ಲ.

ಕರೆಂಟ್, ನೆಟ್ ಮತ್ತು ಪ್ರಾಕ್ಸಿ

ನಡುವೆ ಕರೆಂಟ್ ಹೋದರೆ ಇನ್‌ಸ್ಟಾಲರ್ ಬಿಟ್ಟ ಜಾಗದಿಂದ ಮುಂದುವರಿಯುವುದಿಲ್ಲ, ಮೊದಲಿನಿಂದಲೇ ಶುರು. ಬೇಸಿಗೆಯ ಗಂಗಾವತಿಯಲ್ಲಿ ಇದು ದಿನನಿತ್ಯದ ಮಾತು. ಉತ್ತರಗಳು ಕಡತದಲ್ಲಿರುವುದರಿಂದ ಮತ್ತೆ ಶುರು ಮಾಡಲು ಬೇಸರವಿಲ್ಲ. ಆದರೆ ಅದೇ ಪ್ಯಾಕೇಜ್‌ಗಳನ್ನು ಮೊಬೈಲ್ ಡೇಟಾದಲ್ಲಿ ಮತ್ತೆ ಇಳಿಸುವುದೆಂದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ ‘ಆಪ್ಟ್-ಕ್ಯಾಷರ್-ಎನ್‌ಜಿ’ ಎಂಬ ಪ್ರಾಕ್ಸಿಯನ್ನು (ನಡುವೆ ನಿಂತು ತಂದುಕೊಡುವ ಸರ್ವರ್) ಕೂರಿಸಿದೆ. ಒಮ್ಮೆ ಇಳಿದ ಪ್ಯಾಕೇಜ್ ಅಲ್ಲೇ ಉಳಿದು, ಉಳಿದ ಯಂತ್ರಗಳಿಗೆ 3142ನೇ ಪೋರ್ಟ್‌ನಿಂದ ಹೋಗುತ್ತದೆ. ಪ್ರಿಸೀಡ್ ಕಡತದಲ್ಲಿ ‘ಮಿರರ್/ಎಚ್‌ಟಿಟಿಪಿ/ಪ್ರಾಕ್ಸಿ’ ಎಂಬ ಸಾಲಿಗೆ ಈ ವಿಳಾಸ ಕೊಟ್ಟರಾಯಿತು.

ಇಲ್ಲೊಂದು ಗುಟ್ಟಿದೆ. ಆ ಪ್ರಾಕ್ಸಿ ವಿಳಾಸವನ್ನು ಇನ್‌ಸ್ಟಾಲರ್ ಹೊಸ ವ್ಯವಸ್ಥೆಯ ‘ಆಪ್ಟ್.ಕಾನ್ಫ್’ ಎಂಬ ಸಂರಚನಾ ಕಡತದಲ್ಲಿ ಬರೆದಿಟ್ಟು ಹೋಗುತ್ತದೆ. ಯಂತ್ರ ಹಳ್ಳಿಗೆ ಹೋದ ಮೇಲೆ ಅಲ್ಲಿ ನನ್ನ ಲ್ಯಾಪ್‌ಟಾಪ್ ಇರುವುದಿಲ್ಲ. ಅಪ್‌ಡೇಟ್ ಎಂದರೆ ಸಾಕು, ಇಲ್ಲದ ವಿಳಾಸವನ್ನು ಹುಡುಕುತ್ತಾ ಕೂರುತ್ತದೆ. ಅಡ್ಡಗೆರೆಯ ಎಡ ಬಲದ ಪ್ರಶ್ನೆಯೇ ಮತ್ತೆ, ಬೇರೆ ವೇಷದಲ್ಲಿ. ಕೊನೆಯಲ್ಲಿ ಓಡುವ ‘ಲೇಟ್_ಕಮಾಂಡ್’ನಲ್ಲಿ ಆ ಕಡತವನ್ನು ಅಳಿಸುವ ಆಜ್ಞೆ ಸೇರಿಸಿದ್ದೇನೆ.

ಗುಪ್ತಪದವನ್ನು ಕಡತದಲ್ಲಿ ಹಾಗೆಯೇ ಬರೆಯಬೇಡಿ. ‘ಓಪನ್‌ಎಸ್‌ಎಸ್‌ಎಲ್ ಪಾಸ್‌ವರ್ಡ್ -6’ ಕೊಡುವ ಹ್ಯಾಷ್ (ಮೂಲಪದಕ್ಕೆ ಮರಳಿಸಲಾಗದ ಸಂಕೇತ) ಅನ್ನು ಬರೆದರೆ ಇನ್‌ಸ್ಟಾಲರ್ ಒಪ್ಪುತ್ತದೆ. (ಆಜ್ಞೆಯಲ್ಲಿ ಆ ಪದದ ರೂಪ ‘ಪಾಸ್‌ಡಬ್ಲ್ಯುಡಿ’.)

ಡಿಸ್ಕ್: ಇಲ್ಲಿ ಮಾತ್ರ ಪ್ರಶ್ನೆ ಬೇಕು

ಡಿಸ್ಕ್ ಅಳಿಸುವುದಕ್ಕೂ ‘ಹೌದು’ ಎಂದು ಮೊದಲೇ ಬರೆದಿಡಬಹುದು. ನನ್ನ ಮೇಜಿನ ಮೇಲೆ ಹಾಗೆಯೇ ಮಾಡುತ್ತೇನೆ, ಗಿರಣಿಯ ಗುಮಾಸ್ತರು ಬೇಕಾದ ಲೆಕ್ಕವನ್ನೆಲ್ಲ ಮೊದಲೇ ತೆಗೆದುಕೊಂಡಿದ್ದಾರೆ. ಅರಿವು ಕೇಂದ್ರಕ್ಕೆ ಕೊಡುವ ಪ್ರತಿಯಲ್ಲಿ ಮಾತ್ರ ‘ಪಾರ್ಟ್‌ಮ್ಯಾನ್/ಕನ್ಫರ್ಮ್’ ಸಾಲುಗಳನ್ನು ತೆಗೆದಿದ್ದೇನೆ, ಡಿಸ್ಕ್‌ನ ಹೆಸರನ್ನೂ ಬರೆದಿಲ್ಲ. ಕಾರಣ ಎರಡು. ಪೆನ್‌ಡ್ರೈವ್ ಒಮ್ಮೊಮ್ಮೆ ‘ಎಸ್‌ಡಿಎ’ ಎಂಬ ಹೆಸರು ಹಿಡಿದು, ಒಳಗಿನ ಡಿಸ್ಕ್ ‘ಎಸ್‌ಡಿಬಿ’ ಆಗಿಬಿಡುತ್ತದೆ. ಇನ್ನೊಂದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ತಮ್ಮ ಟಿಪ್ಪಣಿಗಳನ್ನು ಅದರಲ್ಲೇ ಇಡುತ್ತಾರೆ. ಎಲ್ಲವನ್ನೂ ಸ್ವಯಂಚಾಲಿತ ಮಾಡುವ ಹುಚ್ಚು ನನಗೂ ಇದೆ, ಆದರೆ ಮರಳಿ ಪಡೆಯಲಾಗದ ಒಂದು ಹೆಜ್ಜೆಯಲ್ಲಿ ಮನುಷ್ಯ ನಿಂತು ಓದಿ ಒತ್ತಲಿ.

ಕನ್ನಡ

ಪಠ್ಯರೂಪದ ಇನ್‌ಸ್ಟಾಲರ್‌ನಲ್ಲಿ ಕನ್ನಡ ಸಿಗುವುದಿಲ್ಲ. ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಲಿನಕ್ಸ್‌ನ ಬರಿಯ ಕನ್ಸೋಲ್‌ಗೆ ಇಲ್ಲ. ಚಿತ್ರರೂಪದ ಇನ್‌ಸ್ಟಾಲರ್‌ನಲ್ಲಿ ‘ಲೊಕೇಲ್=ಕೆಎನ್_ಐಎನ್’ ಕೊಟ್ಟರೆ ಪ್ರಶ್ನೆಗಳು ಕನ್ನಡದಲ್ಲೇ ಬರುತ್ತವೆ. ಮೇಲ್ವಿಚಾರಕಿಯ ಪ್ರತಿ ಆ ಬಗೆಯದು. ಡಿಸ್ಕ್ ಅಳಿಸಲೇ ಎಂಬ ಪ್ರಶ್ನೆ ಓದುವವರ ಭಾಷೆಯಲ್ಲೇ ಇರಬೇಕಲ್ಲ. ಅಕ್ಷರಗಳಿಗೆ ‘ಫಾಂಟ್ಸ್-ಕೆಎನ್‌ಡಿಎ’ ಹಾಕಿದ್ದೇನೆ. ಲೋಹಿತ್, ಗುಬ್ಬಿ, ನವಿಲು ಒಟ್ಟಿಗೆ ಬರುತ್ತವೆ. ಟೈಪಿಂಗ್‌ಗೆ ಐಬಸ್ ಮತ್ತು ಎಂ17ಎನ್, ಅದರಲ್ಲಿ ಕಗಪ ಎಂಬ ಕೀಲಿಮಣೆ ವಿನ್ಯಾಸವಿದೆ. ‘ನುಡಿ’ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರ ಬೆರಳು ಅದಕ್ಕೆ ಒಗ್ಗಿರುತ್ತದೆ.

ಬಾಕಿ ಇರುವುದು

ಒಂದು ಯಂತ್ರ ಶುದ್ಧ 32 ಬಿಟ್‌ನದು. ‘/ಪ್ರಾಕ್/ಸಿಪಿಯುಇನ್ಫೋ’ದಲ್ಲಿ ‘ಎಲ್‌ಎಂ’ ಎಂಬ 64 ಬಿಟ್ ಸಾಮರ್ಥ್ಯದ ಗುರುತು ಇಲ್ಲ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲವಾದ್ದರಿಂದ ಅದಕ್ಕೆ 12ನ್ನೇ ಹಾಕುತ್ತೇನೆ. ಫೋಲ್ಡರ್ ಹೆಸರು ‘ಬುಕ್‌ವರ್ಮ್’ ಆಗಬೇಕು, ಅಷ್ಟೇ ವ್ಯತ್ಯಾಸ.

ದೊಡ್ಡ ಕೆಲಸ ಪೆನ್‌ಡ್ರೈವ್‌ನದು. ಹಳ್ಳಿಯಲ್ಲಿ ಸರ್ವರ್ ಇಲ್ಲದ ಕಾರಣ ಉತ್ತರಗಳ ಕಡತ ಪೆನ್‌ಡ್ರೈವ್ ಒಳಗೇ ಇರಬೇಕು. ಐಎಸ್‌ಒ (ಇನ್‌ಸ್ಟಾಲರ್ ಪೂರ್ತಿಯಾಗಿ ಇರುವ ಒಂದೇ ಕಡತ) ನೇರವಾಗಿ ಬರೆದ ಪೆನ್‌ಡ್ರೈವ್‌ಗೆ ಆಮೇಲೆ ಕಡತ ಸೇರಿಸಲಾಗದು. ಇನಿಟ್‌ಆರ್‌ಡಿ (ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ ಕಡತಗಳ ಕಟ್ಟು) ಬಿಚ್ಚಿ, ‘ಸಿಪಿಐಒ’ದಿಂದ ‘ಪ್ರಿಸೀಡ್.ಸಿಎಫ್‌ಜಿ’ಯನ್ನು ಅದರ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಲ್ಲಿ ಸೇರಿಸಿ, ಮತ್ತೆ ಕುಗ್ಗಿಸಿ, ‘ಕ್ಸೋರಿಸೋ’ದಿಂದ ಐಎಸ್‌ಒ ಕಟ್ಟಬೇಕು. ಹಾಗೆ ಸೇರಿಸಿದ ಕಡತವನ್ನು ಇನ್‌ಸ್ಟಾಲರ್ ಕೇಳದೆಯೇ ಓದಿಕೊಳ್ಳುತ್ತದೆ, ಬೂಟ್ ಸಾಲಿನಲ್ಲಿ ‘ಯುಆರ್‌ಎಲ್’ ಕೂಡ ಬೇಡ. ಇನಿಟ್‌ಆರ್‌ಡಿ ಸಿದ್ಧವಾಗಿದೆ, ಐಎಸ್‌ಒ ಕಟ್ಟುವುದು ಈ ವಾರದ ಕೆಲಸ. ಮೊದಲ ಪರೀಕ್ಷೆಯನ್ನು ಮೇಲ್ವಿಚಾರಕಿಯೇ ಮಾಡುತ್ತಾರೆ. ನಾನು ಕೈ ಕಟ್ಟಿ ಪಕ್ಕದಲ್ಲಿ ಕೂರುವುದೆಂದು ಒಪ್ಪಂದವಾಗಿದೆ.